ಶ್ವಾಸಕೋಶದಲ್ಲಿ ಗಂಟು ಎಂದರೆ ಮೊದಲು ಹಳೆಯ ಸ್ಕ್ಯಾನ್ ಹುಡುಕಿ, ಸೂಜಿಯ ಮಾತು ಆಮೇಲೆ

ಶ್ವಾಸಕೋಶದಲ್ಲಿ ಸಣ್ಣ ಗಂಟಿದೆ ಎಂದು ಸಿಟಿ ಸ್ಕ್ಯಾನ್ ರಿಪೋರ್ಟ್ ಬಂದ ತಕ್ಷಣ ಬಯಾಪ್ಸಿಗೆ, ಎಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಸಹಿ ಹಾಕಬೇಡಿ. ಹಾಗೆಂದು ರಿಪೋರ್ಟನ್ನು ಮಡಚಿಟ್ಟು ಮರೆಯಲೂ ಬೇಡಿ. ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಅದನ್ನು ನಮಗೆ ಆವತ್ತು ಯಾರೂ ಹೇಳಲಿಲ್ಲ. ಹೇಳಿದ್ದರೆ ನಮ್ಮಮ್ಮ ಎದೆಗೆ ಪೈಪ್ ಹಾಕಿಸಿಕೊಂಡು ನರಳಬೇಕಾಗಿರಲಿಲ್ಲ. ಇದನ್ನು ಓದಿದ ಒಂದು ಮನೆಯಾದರೂ ಆ ಸಂಕಟದಿಂದ ಪಾರಾಗಲಿ ಎಂದು ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಇಂಥದ್ದು ಆ ಒಂದೇ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಯಾರೂ ಅಂದುಕೊಳ್ಳಬಾರದು.

ಅಮ್ಮನಿಗೆ ಅರವತ್ತು ದಾಟಿದೆ. ಮಂಡಿ ಸವೆದಿದೆ, ಕೀಲು ಬದಲಾಯಿಸಬೇಕು ಎಂದಿದ್ದರು. ಆಪರೇಷನ್‌ಗೆ ಮುಂಚೆ ಫಿಟ್‌ನೆಸ್‌ಗೆಂದು ತೆಗೆದ ಎದೆಯ ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಒಂದು ಚುಕ್ಕೆ ಕಂಡಿತು. ಸಿಟಿ ಮಾಡಿಸಿದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 9 ಮಿ.ಮೀ. ಗಂಟು, ಕ್ಯಾನ್ಸರ್ ಅಲ್ಲವೆಂದು ಖಚಿತವಾಗಿ ಹೇಳಲಾಗದು ಎಂದು ರಿಪೋರ್ಟ್ ಬಂತು. ಅಮ್ಮನಿಗೆ ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ. ಬೀಡಿ ಸಿಗರೇಟು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಡಾಕ್ಟರ್ ಇದ್ಯಾವುದನ್ನೂ ಕೇಳಲಿಲ್ಲ. ಫಿಲಂ ಅನ್ನು ಬೆಳಕಿಗೆ ಹಿಡಿದು ನೋಡಿ, "ಕಾಯೋದು ಬೇಡಮ್ಮ, ನಾಳೆನೇ ಪೆಟ್ ಸ್ಕ್ಯಾನ್ ಮಾಡಿಸಿಬಿಡಿ. ಏನಾದ್ರೂ ಇದ್ರೆ ಈಗ್ಲೇ ಗೊತ್ತಾಗ್ಬೇಕಲ್ವಾ?" ಎಂದರು. ಅಣ್ಣ, "ಸಾರ್, ಒಂದು ವಾರ ಟೈಮ್ ಕೊಡ್ತೀರಾ, ಇನ್ನೊಬ್ರ ಹತ್ರ ತೋರಿಸ್ತೀವಿ" ಎಂದದ್ದಕ್ಕೆ, "ನಿಮ್ಮಿಷ್ಟ, ಆಮೇಲೆ ನಮ್ಮನ್ನ ಕೇಳ್ಬೇಡಿ" ಎಂಬ ಉತ್ತರ ಬಂತು. ಆ ಮಾತು ಕಿವಿಗೆ ಬಿದ್ದ ಮೇಲೆ ಯಾವ ಮಕ್ಕಳಿಗೆ ಕಾಯುವ ಧೈರ್ಯ ಬರುತ್ತದೆ?

ಪೆಟ್ ಸ್ಕ್ಯಾನ್‌ನಲ್ಲಿ ಗಂಟು ಸ್ವಲ್ಪ ಹೊಳೆಯಿತು. ಹೊಳೆದರೆ ಕ್ಯಾನ್ಸರ್ ಎಂದೇ ನಮಗೆ ಅರ್ಥವಾಗುವ ಹಾಗೆ ಹೇಳಿದರು. ಆಮೇಲೆ ನಾನು ತಿಳಿದುಕೊಂಡದ್ದು ಬೇರೆಯೇ. ಪೆಟ್ ಸ್ಕ್ಯಾನ್‌ನಲ್ಲಿ ದೇಹಕ್ಕೆ ಹಾಕುವುದು ವಿಕಿರಣ ಸೂಸುವ ಒಂದು ಬಗೆಯ ಗ್ಲೂಕೋಸ್. ಎಲ್ಲಿ ಜೀವಕೋಶಗಳು ಜಾಸ್ತಿ ಗ್ಲೂಕೋಸ್ ಎಳೆದುಕೊಳ್ಳುತ್ತವೋ ಅಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಹಾಗೆ ಎಳೆದುಕೊಳ್ಳುತ್ತದೆ, ಟಿಬಿಯ ಗಂಟೂ ಎಳೆದುಕೊಳ್ಳುತ್ತದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಇಂಥ ಕಡೆ ಬರೀ ಹೊಳಪು ನೋಡಿ ಕ್ಯಾನ್ಸರ್ ಎನ್ನಲಾಗುವುದಿಲ್ಲ. ಇನ್ನೊಂದು ವಿಷಯ: ಗಂಟು 8 ಮಿ.ಮೀ.ಗಿಂತ ಚಿಕ್ಕದಿದ್ದರೆ ಪೆಟ್ ಸ್ಕ್ಯಾನನ್ನು ನಂಬುವಂತಿಲ್ಲ. ನಿಜವಾದ ಕ್ಯಾನ್ಸರ್ ಇದ್ದರೂ ಅಷ್ಟು ಸಣ್ಣದರಲ್ಲಿ ಹೊಳೆಯದೆ ಹೋಗಬಹುದು. ನಾಲ್ಕೈದು ಮಿ.ಮೀ. ಗಂಟಿಗೆ ಪೆಟ್ ಬರೆದುಕೊಟ್ಟರೆ, ಇದರಿಂದ ಏನು ಗೊತ್ತಾಗುತ್ತದೆ ಎಂದು ಧೈರ್ಯವಾಗಿ ಕೇಳಿ. ರಕ್ತದಲ್ಲಿ ಕ್ಯಾನ್ಸರ್ ಮಾರ್ಕರ್ ನೋಡುತ್ತೇವೆ ಎಂಬ ಪ್ಯಾಕೇಜುಗಳೂ ಹಾಗೆಯೇ, ಸಣ್ಣ ಗಂಟಿನ ವಿಷಯದಲ್ಲಿ ಅವು ಏನನ್ನೂ ತೀರ್ಮಾನಿಸಿ ಹೇಳಲಾರವು.

ಬಯಾಪ್ಸಿ ದಿನ ಅಮ್ಮನನ್ನು ಸಿಟಿ ಮೆಷೀನಿನ ಮೇಲೆ ಮಲಗಿಸಿ, ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ ಚೂರು ತೆಗೆದರು. ಸಾಯಂಕಾಲದ ಹೊತ್ತಿಗೆ ಅಮ್ಮ ಉಸಿರು ಎಳೆಯಲಾಗದೆ ಒದ್ದಾಡತೊಡಗಿದರು. ಸೂಜಿ ಹೋದ ಜಾಗದಿಂದ ಗಾಳಿ ಸೋರಿ ಶ್ವಾಸಕೋಶ ಕುಗ್ಗಿತ್ತು. ಪಕ್ಕೆಯಲ್ಲಿ ಸೀಳಿ ಪೈಪ್ ಇಳಿಸಿ, ಅದರ ತುದಿಯನ್ನು ನೀರಿನ ಬಾಟಲಿಗೆ ಇಟ್ಟರು. ಆ ಪೈಪ್ ಇರುವಷ್ಟು ದಿನ ಅಮ್ಮ ಮಗ್ಗುಲು ಬದಲಿಸುವಾಗೆಲ್ಲ ಹಲ್ಲು ಕಚ್ಚುತ್ತಿದ್ದರು. "ನಂಗೇನಾಗಿದೆ ಅಂತ ನಿಜ ಹೇಳ್ರೋ" ಎಂದು ಅಣ್ಣನ ಕೈ ಹಿಡಿದು ಕೇಳುತ್ತಿದ್ದರು. ಇದು ಅಪರೂಪದ ಅವಘಡವಲ್ಲ. ಹೊರಗಿನಿಂದ ಸೂಜಿ ಹಾಕುವ ಶ್ವಾಸಕೋಶದ ಬಯಾಪ್ಸಿಯಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಜನರಿಗೆ ಹೀಗೆ ಗಾಳಿ ಸೋರುವುದುಂಟು. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ಪೈಪ್ ಬೇಕಾಗುತ್ತದೆ. ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಇಂಗ್ಲಿಷಿನಲ್ಲಿ ಇದೆಲ್ಲ ಇತ್ತು. ಬಾಯಲ್ಲಿ ಮಾತ್ರ, "ಇಂಜೆಕ್ಷನ್ ತರಾನೇ, ಏನಿಲ್ಲ" ಎಂದಿದ್ದರು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಗ್ರಾನುಲೋಮಾ ಎಂದು ಬಂತು. ಎಂದರೆ ದೇಹ ಯಾವತ್ತೋ ಒಂದು ಸೋಂಕನ್ನು ಸುತ್ತುಗಟ್ಟಿ ಕಟ್ಟಿಹಾಕಿದ ಗಂಟು.

ಹೊಟ್ಟೆ ಉರಿಯುವ ಸಂಗತಿ ಇರುವುದು ಇದಾದ ಮೇಲೆ. ಇನ್ಶೂರೆನ್ಸಿನವರು ಅಮ್ಮನ ಹಳೆಯ ದಾಖಲೆಗಳನ್ನು ಕೇಳಿದರು. ಚಿಕ್ಕಮ್ಮ ಬೀರುವಿನಿಂದ ಒಂದು ಚೀಲ ತಂದುಕೊಟ್ಟರು. ಅದರಲ್ಲಿ 2021ರ ಮೇ ತಿಂಗಳ ಎಚ್‌ಆರ್‌ಸಿಟಿ, ಎಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್, ಇತ್ತು. ಕೊರೊನಾದ ಎರಡನೇ ಅಲೆ. ಆಗ ಊರಿಗೆ ಊರೇ ಸ್ಕ್ಯಾನ್ ಸೆಂಟರ್ ಮುಂದೆ ಸಾಲು ನಿಂತಿತ್ತು, "ಇಪ್ಪತ್ತೈದಕ್ಕೆ ಎಷ್ಟು ಸ್ಕೋರ್ ಬಂತು" ಎನ್ನುವುದೊಂದೇ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಶ್ವಾಸಕೋಶಕ್ಕೆ ಸೋಂಕು ಎಷ್ಟು ತಗುಲಿದೆ ಎಂದು ಹೇಳುವ ಆ ಸ್ಕೋರಿನ ಕೆಳಗೆ, ಯಾರೂ ಬೆರಳಿಟ್ಟು ತೋರಿಸದ ಒಂದು ಸಾಲಿತ್ತು: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 9 ಮಿ.ಮೀ. ಗಂಟು. ಅದೇ ಜಾಗ, ಅದೇ ಅಳತೆ. ವರ್ಷಗಳಿಂದ ಅದು ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ಘನವಾದ ಗಂಟು, ಎಂದರೆ ಸ್ಕ್ಯಾನ್‌ನಲ್ಲಿ ಮಸುಕಾಗಿರದೆ ಗಟ್ಟಿಯಾಗಿ ಕಾಣುವಂಥದ್ದು, ಎರಡು ವರ್ಷ ಬೆಳೆಯದೆ ಹಾಗೇ ಇದ್ದರೆ ಅದನ್ನು ಅಪಾಯವಿಲ್ಲದ್ದು ಎಂದೇ ವೈದ್ಯರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಇದು ಎದೆರೋಗ ನೋಡುವ ಪ್ರತಿಯೊಬ್ಬರಿಗೂ ಗೊತ್ತಿರುವ ಪಾಠ. "ಮೊದಲು ಯಾವಾಗಲಾದರೂ ಎದೆಯ ಸ್ಕ್ಯಾನ್ ಆಗಿತ್ತಾ?" ಎಂಬ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಪೆಟ್ ಇಲ್ಲ, ಸೂಜಿ ಇಲ್ಲ, ಪೈಪ್ ಇಲ್ಲ. ನಮ್ಮ ತಾತನಿಗೆ ಕ್ಷಯವಿತ್ತು, ಅಮ್ಮ ಹುಡುಗಿಯಾಗಿದ್ದಾಗ ಅದೇ ಮನೆಯಲ್ಲಿ ಬೆಳೆದವರು. ಅದನ್ನೂ ಯಾರೂ ಕೇಳಲಿಲ್ಲ. ಬಯಾಪ್ಸಿಯಲ್ಲಿ ಗ್ರಾನುಲೋಮಾ ಬಂದ ಕೂಡಲೇ, ಪರೀಕ್ಷೆಯಲ್ಲಿ ಟಿಬಿ ಕ್ರಿಮಿ ಸಿಗದಿದ್ದರೂ, ಆರು ತಿಂಗಳು ಟಿಬಿ ಮಾತ್ರೆ ಶುರು ಮಾಡಿ ಎಂದರು. ಆಗ ನಾವು ಎರಡೂ ಸ್ಕ್ಯಾನ್ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಯ ಎದೆರೋಗ ತಜ್ಞರ ಬಳಿ ಹೋದೆವು. ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಇದು ಹಳೇ ಕಲೆ ತಾಯಿ. ಈಗ ಕಾಯಿಲೆ ಇದೆ ಅನ್ನೋಕೆ ಏನೂ ಇಲ್ಲ, ಮಾತ್ರೆ ಬೇಡ" ಎಂದು ಅಮ್ಮನಿಗೇ ನೇರವಾಗಿ ಹೇಳಿದರು. ಆವತ್ತು ಅಮ್ಮ ಹೊಟ್ಟೆ ತುಂಬ ಊಟ ಮಾಡಿದರು.

ನಾನು ಡಾಕ್ಟರಲ್ಲ. ಆದರೆ ಈ ಅಲೆದಾಟದಲ್ಲಿ ಕೇಳಿ, ಓದಿ, ಖಚಿತಪಡಿಸಿಕೊಂಡದ್ದನ್ನು ಹೇಳುತ್ತೇನೆ. 3 ಸೆಂ.ಮೀ.ವರೆಗಿನ ದುಂಡನೆಯ ನೆರಳಿಗೆ ನಾಡ್ಯೂಲ್ ಎನ್ನುತ್ತಾರೆ. ಅದಕ್ಕಿಂತ ದೊಡ್ಡದಾದರೆ ಮಾತೇ ಬೇರೆ. ಅಮೆರಿಕದಲ್ಲಿ ವರ್ಷಾನುಗಟ್ಟಲೆ ವಿಪರೀತ ಸಿಗರೇಟು ಸೇದಿದ ಐವತ್ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಅದರಲ್ಲಿ ಕಡಿಮೆ ವಿಕಿರಣದ ಸಿಟಿಯಲ್ಲಿ ಅನುಮಾನ ಎಂದು ಬಂದ ಫಲಿತಾಂಶಗಳಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಕ್ಯಾನ್ಸರ್ ಆಗಿರಲಿಲ್ಲ. ಅದೇ ಅಧ್ಯಯನದಲ್ಲಿ ಸಿಟಿ ಮಾಡಿಸಿಕೊಂಡ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಾಯಿತು ಎಂಬುದನ್ನೂ ಮರೆಯಬಾರದು. ಸ್ಕ್ಯಾನ್ ಕೆಟ್ಟದ್ದಲ್ಲ. ಗಂಟು ಕಂಡ ಮೇಲೆ ದುಡುಕುವುದು ಕೆಟ್ಟದ್ದು.

ಆಕಸ್ಮಿಕವಾಗಿ ಕಂಡ ಗಂಟಿಗೆ ಏನು ಮಾಡಬೇಕು ಎಂಬುದಕ್ಕೆ ಪ್ರಪಂಚದಾದ್ಯಂತ ಬಳಸುವ, ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿಯ ಮಾರ್ಗಸೂಚಿ ಇದೆ, 2017ರಲ್ಲಿ ಪರಿಷ್ಕರಿಸಿದ್ದು. ಮೂವತ್ತೈದು ದಾಟಿದ, ಮೊದಲೇ ಕ್ಯಾನ್ಸರ್ ಇಲ್ಲದ, ರೋಗನಿರೋಧಕ ಶಕ್ತಿ ಕುಂದಿರದ ಜನರಿಗೆ ಅದು ಅನ್ವಯಿಸುತ್ತದೆ. ಒಂದೇ ಒಂದು ಘನವಾದ ಗಂಟು, 6 ಮಿ.ಮೀ.ಗಿಂತ ಚಿಕ್ಕದು, ಧೂಮಪಾನದಂಥ ಅಪಾಯಗಳೂ ಇಲ್ಲವೆಂದರೆ ಮತ್ತೆ ಸ್ಕ್ಯಾನೇ ಬೇಕಿಲ್ಲ. ಅಪಾಯ ಹೆಚ್ಚಿರುವವರಿಗೆ ವರ್ಷದ ನಂತರ ಒಮ್ಮೆ ನೋಡಬಹುದು. 6ರಿಂದ 8 ಮಿ.ಮೀ. ಆದರೆ ಆರರಿಂದ ಹನ್ನೆರಡು ತಿಂಗಳಲ್ಲಿ ಮತ್ತೆ ಸಿಟಿ. 8 ದಾಟಿದರೆ ಮೂರು ತಿಂಗಳಿಗೆ ಸಿಟಿ, ಇಲ್ಲವೇ ಪೆಟ್, ಇಲ್ಲವೇ ಬಯಾಪ್ಸಿ, ರೋಗಿಯನ್ನು ನೋಡಿ ತೀರ್ಮಾನ. ಅಮ್ಮನ ಗಂಟು 9 ಇದ್ದದ್ದರಿಂದ ಬಯಾಪ್ಸಿ ಎಂಬ ಹೆಸರು ಬಂದದ್ದೇ ತಪ್ಪು ಎನ್ನಲಾರೆ. ಹಳೆಯ ಸ್ಕ್ಯಾನ್ ಕೇಳದೆ, ಮೂರು ತಿಂಗಳು ಕಾಯುವ ದಾರಿಯೂ ಇದೆ ಎಂದು ತಿಳಿಸದೆ, ಹೆದರಿಸಿ ಕರೆದೊಯ್ದದ್ದು ತಪ್ಪು.

ಕಾಯುವುದು ಎಂದರೆ ಕೈಕಟ್ಟಿ ಕೂರುವುದು ಎಂದು ನಮ್ಮ ಜನ ತಿಳಿಯುತ್ತಾರೆ. ನಾವೂ ಹಾಗೇ ಹೆದರಿದ್ದೆವು. ಇಲ್ಲಿ ಕಾಯುವುದೇ ಒಂದು ಪರೀಕ್ಷೆ. ಘನವಾದ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೂರರಿಂದ ನಾನೂರು ದಿನಗಳೊಳಗೆ ಗಾತ್ರದಲ್ಲಿ ಎರಡರಷ್ಟಾಗುತ್ತದೆ. ಗಾತ್ರ ಎರಡರಷ್ಟಾದರೂ ಅಡ್ಡಳತೆ ಹೆಚ್ಚುವುದು ಕಾಲು ಭಾಗದಷ್ಟು ಮಾತ್ರ. ಎಂದರೆ 8 ಮಿ.ಮೀ. ಇದ್ದದ್ದು 10 ಆದರೆ ಅದು ದುಪ್ಪಟ್ಟಾದಂತೆ. ಅದಕ್ಕೇ ಎರಡು ಸ್ಕ್ಯಾನ್‌ಗಳ ನಡುವೆ ತಿಂಗಳುಗಳ ಅಂತರ ಬೇಕು, ನಿನ್ನೆ ಮೊನ್ನೆಯದನ್ನು ಹೋಲಿಸಿದರೆ ಏನೂ ತಿಳಿಯದು. ಅಳತೆಯಲ್ಲೂ ಹೆಚ್ಚುಕಮ್ಮಿ ಇರುತ್ತದೆ. ಒಂದು ಸೆಂಟರಿನಲ್ಲಿ 6, ಇನ್ನೊಂದರಲ್ಲಿ 7 ಎಂದು ಬಂದರೆ ಬೆಳೆಯಿತು ಎಂದು ಎದೆ ಒಡೆದುಕೊಳ್ಳಬೇಡಿ, 2 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸವನ್ನು ಬೆಳವಣಿಗೆ ಎಂದು ಲೆಕ್ಕ ಹಿಡಿಯುವುದಿಲ್ಲ. ಆದಷ್ಟು ಒಂದೇ ಕಡೆ, ತೆಳು ಪದರಗಳಲ್ಲಿ, ಕಡಿಮೆ ವಿಕಿರಣದ ಸಿಟಿ ಮಾಡಿಸಿ.

ಅಳತೆಯ ಜೊತೆಗೆ ಗಂಟಿನ ರೂಪವನ್ನೂ ಕೇಳಿ. ಅಂಚು ನುಣ್ಣಗಿದೆಯೇ, ಮುಳ್ಳುಮುಳ್ಳಾಗಿದೆಯೇ? ಮುಳ್ಳುಮುಳ್ಳಾಗಿದ್ದರೆ ಅನುಮಾನ ಹೆಚ್ಚು. ಒಳಗೆ ಕ್ಯಾಲ್ಸಿಯಂ ಕೂತಿದೆಯೇ? ನಟ್ಟನಡುವೆ ಅಥವಾ ಗಂಟಿನ ತುಂಬ ಸಮನಾಗಿ ಕೂತಿದ್ದರೆ ಬಹುಪಾಲು ಹಳೆಯ ಸೋಂಕಿನ ಗುರುತು. ಕಲ್ಲು ಕೆಲಸ, ಗಣಿ ಕೆಲಸ ಮಾಡಿದವರು ಅದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ಎಷ್ಟೋ ಜನರ ಶ್ವಾಸಕೋಶದಲ್ಲಿ ಸಿಲಿಕಾ ಧೂಳಿನಿಂದಲೇ ಗಂಟುಗಳಾಗಿದ್ದವು. ಮಸುಕು ಗಾಜಿನಂತೆ ಕಾಣುವ ಗಂಟುಗಳ ಲೆಕ್ಕ ಮಾತ್ರ ಬೇರೆ. ಅವು ತುಂಬ ನಿಧಾನವಾಗಿ ಬೆಳೆಯುತ್ತವೆ, ಸಿಗರೇಟು ಮುಟ್ಟದ ಹೆಂಗಸರಲ್ಲೂ ಕ್ಯಾನ್ಸರ್ ಆಗಿರುವುದುಂಟು. 6 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡವಿದ್ದರೆ ಐದು ವರ್ಷದವರೆಗೆ ಕಣ್ಣಿಡಬೇಕು. ಎರಡು ವರ್ಷ ಹಾಗೇ ಇತ್ತು ಎಂದು ಅದನ್ನು ಬಿಟ್ಟುಬಿಡುವಂತಿಲ್ಲ.

ನಮ್ಮ ಕಥೆ ಓದಿ, ಗಂಟು ಎಂದರೆ ಎಲ್ಲವೂ ಹಳೇ ಟಿಬಿಯೇ ಎಂದು ಯಾರೂ ಸಮಾಧಾನ ಮಾಡಿಕೊಳ್ಳಬಾರದು ಎಂಬ ಭಯ ನನಗಿದೆ. ನಮ್ಮ ದೇಶದಲ್ಲಿ ಇದಕ್ಕೆ ಉಲ್ಟಾ ಅನ್ಯಾಯವೂ ನಡೆಯುತ್ತದೆ. ಕಫದಲ್ಲಿ ಕ್ರಿಮಿ ಸಿಗದಿದ್ದರೂ ನೆರಳು ನೋಡಿ ಟಿಬಿ ಮಾತ್ರೆ ಕೊಡುತ್ತಾ ಹೋಗಿ, ತಿಂಗಳುಗಳು ಕಳೆದ ಮೇಲೆ ಅದು ಕ್ಯಾನ್ಸರ್ ಎಂದು ಗೊತ್ತಾದವರಿದ್ದಾರೆ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಎರಡು ವಾರ ದಾಟಿದ ಕೆಮ್ಮು, ದನಿ ಒಡೆಯುವುದು ಇದ್ದರೆ, ಇಲ್ಲವೇ ಮೊದಲೇ ಬೇರೆಲ್ಲಾದರೂ ಕ್ಯಾನ್ಸರ್ ಆಗಿದ್ದರೆ ಮೇಲೆ ಹೇಳಿದ ಕಾಯುವ ಲೆಕ್ಕ ನಿಮಗಲ್ಲ. ಬೇಗ ತೋರಿಸಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರದವೇ. ಎರಡನೇ ಅಭಿಪ್ರಾಯಕ್ಕೆ ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. ಅಂಥಲ್ಲಿ ಬಯಾಪ್ಸಿ ಬೇಕೇ ಬೇಕು ಎಂದರೆ ಮಾಡಿಸಿಕೊಳ್ಳಿ, ನಮಗಾದದ್ದನ್ನು ನೆನೆದು ಹಿಂಜರಿಯಬೇಡಿ.

ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಮನೆಯಲ್ಲಿರುವ ಹಳೆಯ ಎಕ್ಸ್‌ರೇ, ಸಿಟಿ ಎಲ್ಲವನ್ನೂ, ಅದರಲ್ಲೂ ಕೊರೊನಾ ಕಾಲದ್ದನ್ನು, ಹುಡುಕಿ ಒಂದು ಕಡೆ ಇಡಿ. ಹೊಟ್ಟೆಯ ಸಿಟಿ ಆಗಿದ್ದರೂ ಎಸೆಯಬೇಡಿ, ಅದರಲ್ಲಿ ಶ್ವಾಸಕೋಶದ ಕೆಳಭಾಗ ಕಾಣುತ್ತದೆ. ಬರೀ ಫಿಲಂ ಸಾಲದು, ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪೂರ್ತಿ ಚಿತ್ರಗಳನ್ನು ಕೇಳಿ ಪಡೆಯಿರಿ, ಹೋಲಿಕೆ ಸರಿಯಾಗಿ ಆಗುವುದು ಅದರಲ್ಲೇ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೌಂಟರಿನಲ್ಲಿ ಇಲ್ಲ ಎಂದರೆ ಅರ್ಜಿ ಬರೆದು ಕೊಡಿ, ಒಂದು ನಕಲಿನ ಮೇಲೆ ತಾರೀಖು ಹಾಕಿಸಿ ಸೀಲ್ ಒತ್ತಿಸಿಕೊಳ್ಳಿ.