ಓವರ್‌ಲ್ಯಾಂಡ್, ಕಾರ್ಡೈಟ್, ಹೀಟ್: ಆಸ್ಟ್ರೇಲಿಯದ ಇಂದಿನ ಕವಿತೆಗೆ ಮೂರು ಬಾಗಿಲುಗಳು

ಆಸ್ಟ್ರೇಲಿಯದ ಇಂದಿನ ಕವಿತೆಯನ್ನು ಸಂಕಲನಗಳಿಗಿಂತ ಮೊದಲು ಅಲ್ಲಿನ ಸಣ್ಣ ಸಾಹಿತ್ಯ ಪತ್ರಿಕೆಗಳಲ್ಲಿ ಓದುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಯಾವುದರಿಂದ ಆರಂಭಿಸಬೇಕೆಂದು ತಿಳಿಯಲು ಮೂರು ಪತ್ರಿಕೆಗಳನ್ನು ಜೊತೆಜೊತೆಯಾಗಿ ಓದುತ್ತ ಬಂದೆ. ಸಂಚಿಕೆಯನ್ನು ಕೆಳಗಿಟ್ಟ ಮೇಲೂ ಒಬ್ಬ ಕವಿಯ ದನಿ ಮನಸ್ಸಿನಲ್ಲಿ ಗುರುತಾಗಿ ಉಳಿಯುತ್ತದೆಯೇ ಎಂಬುದೊಂದೇ ನನ್ನ ಅಳತೆಗೋಲಾಗಿತ್ತು.

1954ರಲ್ಲಿ ಸ್ಟೀಫನ್ ಮರ್ರೆ-ಸ್ಮಿತ್ ಮೆಲ್ಬರ್ನ್‌ನಲ್ಲಿ ಆರಂಭಿಸಿದ ‘ಓವರ್‌ಲ್ಯಾಂಡ್’ ಎಡಪಂಥೀಯ ಒಲವಿನ ಪತ್ರಿಕೆ. ಇಲ್ಲಿ ಕವಿತೆಗಳು ರಾಜಕೀಯ ಪ್ರಬಂಧಗಳ ನೆರೆಯಲ್ಲಿ ಬರುವುದರಿಂದ, ಅವೂ ಅದೇ ವಾಗ್ವಾದದ ಒಂದು ಪಕ್ಷವಾಗಿ ಕೇಳಿಸುತ್ತವೆ. ‘ಡ್ರಾಪ್‌ಬೇರ್’ ಸಂಕಲನಕ್ಕೆ 2022ರ ಸ್ಟೆಲ್ಲಾ ಪ್ರಶಸ್ತಿ ಪಡೆದ ಮೂಲನಿವಾಸಿ ಕವಯಿತ್ರಿ ಇವೆಲಿನ್ ಅರಲೂಯೆನ್ ಇದರ ಸಂಪಾದಕರಲ್ಲಿ ಒಬ್ಬರಾಗಿದ್ದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹೊಸಬರಿಗಾಗಿ ಜೂಡಿತ್ ರೈಟ್ ಹೆಸರಿನ ಕವಿತಾ ಸ್ಪರ್ಧೆಯನ್ನೂ ಈ ಪತ್ರಿಕೆ ನಡೆಸುತ್ತ ಬಂದಿದೆ. ಆದರೆ ಮೆಲುದನಿಯ, ಯಾವ ವಾದವನ್ನೂ ಹೂಡದ ಕವಿತೆ ಇಲ್ಲಿ ಪಕ್ಕದ ಪ್ರಬಂಧದ ಸದ್ದಿನಲ್ಲಿ ಮುಳುಗಿಹೋಗುವುದನ್ನು ಹಲವು ಬಾರಿ ಕಂಡಿದ್ದೇನೆ.

1997ರಲ್ಲಿ ಮುದ್ರಿತ ಪತ್ರಿಕೆಯಾಗಿ ಹುಟ್ಟಿ, ಬಳಿಕ ಸಂಪೂರ್ಣವಾಗಿ ಅಂತರ್ಜಾಲಕ್ಕೆ ಬಂದ ‘ಕಾರ್ಡೈಟ್’ ಕವಿತೆಗೇ ಮೀಸಲು, ಓದುವುದಕ್ಕೆ ಶುಲ್ಕವೂ ಇಲ್ಲ. ಸಂಚಿಕೆಗೊಬ್ಬ ಅತಿಥಿ ಸಂಪಾದಕ, ಬಹುಪಾಲು ಒಂದು ವಸ್ತು, ಅದರ ಸುತ್ತ ಹತ್ತಾರು ಕವಿಗಳು. ಸಂಪಾದಕರು ಬದಲಾದಂತೆ ಅಭಿರುಚಿಯೂ ಬದಲಾಗುವುದರಿಂದ, ಒಂದು ಸಂಚಿಕೆಯಲ್ಲಿ ಪ್ರಯೋಗವೇ ಪ್ರಧಾನವಾಗಿ ಅರ್ಥಕ್ಕೆ ತಡಕಾಡಬೇಕಾದರೆ, ಇನ್ನೊಂದರಲ್ಲಿ ನೇರ ನಿರೂಪಣೆಯ ಕವಿತೆಗಳು ಸಿಗುತ್ತವೆ. ಈ ಏರಿಳಿತವನ್ನು ನಾನು ದೋಷವೆಂದು ಎಣಿಸುವುದಿಲ್ಲ. ತೊಡಕಿರುವುದು ಬೇರೆಡೆ: ಹೆಚ್ಚಿನವರದು ಒಂದೊಂದೇ ಕವಿತೆಯಾದ್ದರಿಂದ, ಒಬ್ಬೊಬ್ಬರೂ ಒಂದನ್ನು ಓದಿ ವೇದಿಕೆಯಿಂದಿಳಿಯುವ ದಸರಾ ಕವಿಗೋಷ್ಠಿಯಲ್ಲಿ ಕುಳಿತಂತಾಗಿ, ಕೊನೆಗೆ ಸಾಲುಗಳು ನೆನಪಿದ್ದರೂ ಕವಿಗಳು ನೆನಪಿರುವುದಿಲ್ಲ. ಇದಕ್ಕೆ ಪರಿಹಾರವೂ ಅಲ್ಲೇ ಇದೆ. ಹಿಡಿಸಿದ ಕವಿಯ ಹೆಸರನ್ನು ಹಳೆಯ ಸಂಚಿಕೆಗಳಲ್ಲಿ ಹುಡುಕಿದರೆ, ಬೇರೆ ವರ್ಷಗಳ ಕವಿತೆಗಳೋ ಸಂದರ್ಶನವೋ ಪುಸ್ತಕ ವಿಮರ್ಶೆಯೋ ಎಷ್ಟೋ ಸಲ ದೊರೆಯುತ್ತದೆ.

‘ಹೀಟ್’ ಇದಕ್ಕೆ ತೀರ ವಿರುದ್ಧ. ಐವರ್ ಇಂಡಿಕ್ 1996ರಲ್ಲಿ ಆರಂಭಿಸಿದ ಈ ಪತ್ರಿಕೆಯ ಮೂರನೆಯ ಸರಣಿಯನ್ನು ಜಿರಮೊಂಡೊ ಪ್ರಕಾಶನ 2022ರಿಂದ ತೆಳುವಾದ ಪುಸ್ತಕಗಳಾಗಿ ಹೊರತರುತ್ತಿದೆ. ಸಂಚಿಕೆಗೆ ಕೆಲವೇ ಲೇಖಕರು. ಒಬ್ಬ ಕವಿಯ ಹಲವು ಕವಿತೆಗಳು ಒಟ್ಟಿಗೆ ಬಂದಾಗ ಮೊದಲನೆಯದರ ತೊಡಕು ಮೂರನೆಯದರಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. ನನ್ನ ಅಳತೆಗೋಲಿಗೆ ಪೂರ್ತಿ ಒದಗಿದ್ದು ಇದೊಂದೇ, ಆದರೆ ಕಥೆ, ಪ್ರಬಂಧಗಳಿಗೂ ಇಲ್ಲಿ ಪಾಲಿರುವುದರಿಂದ ಕವಿತೆಯ ಓದುಗನಿಗೆ ದಕ್ಕುವ ಪುಟಗಳು ಕಡಿಮೆ.

‘ಮೀಂಜಿನ್’ ಪತ್ರಿಕೆಯನ್ನೂ ಈ ಸಾಲಿಗೆ ಸೇರಿಸಬಹುದಿತ್ತು. 1940ರಿಂದ ಬರುತ್ತಿದ್ದ ಅದನ್ನು ಹಣಕಾಸಿನ ಕಾರಣ ನೀಡಿ ನಿಲ್ಲಿಸುವುದಾಗಿ ಅದರ ಪ್ರಕಾಶಕರು 2025ರಲ್ಲಿ ಪ್ರಕಟಿಸಿದ್ದರಿಂದ ಕೈಬಿಟ್ಟೆ. ಏಷ್ಯಾ ಮೂಲದ ಆಸ್ಟ್ರೇಲಿಯನ್ ಕವಿಗಳಲ್ಲಿ ಆಸಕ್ತಿಯುಳ್ಳವರು ‘ಮಸ್ಕಾರಾ’ವನ್ನು ನೋಡಬಹುದು. ಕರ್ನಾಟಕದಲ್ಲಿದ್ದು ಹೊಸದಾಗಿ ಓದಹೊರಟವರಿಗೆ ನಾನು ಸೂಚಿಸುವುದು ‘ಕಾರ್ಡೈಟ್’ ಅನ್ನೇ. ‘ಹೀಟ್’ನ ಚಂದಾ ಮತ್ತು ಅಂಚೆವೆಚ್ಚವನ್ನು, ‘ಕಾರ್ಡೈಟ್’ನಲ್ಲಿ ಮೆಚ್ಚಿದ ಕವಿಯೊಬ್ಬರು ಅದರಲ್ಲಿ ಕಾಣಿಸಿಕೊಂಡಾಗ ಮಾತ್ರ ಭರಿಸಿದರೆ ಸಾಕು.