ಗೋಟೊನ ಖಾತೆಪುಸ್ತಕ: ‘ದಿ ಸಿತ್ ಲಾರ್ಡ್ಸ್’ ಆಟ, ಹನ್ನೊಂದು ವರ್ಷಗಳ ಬಳಕೆಯ ನಂತರ

ನಾನು ದಾವಣಗೆರೆಯ ಎಪಿಎಂಸಿ ಮಾರುಕಟ್ಟೆಯಲ್ಲಿ ದಲ್ಲಾಳಿ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವನು. ಮೆಕ್ಕೆಜೋಳದ ಆವಕ ಜೋರಾಗಿರುವ ತಿಂಗಳುಗಳಲ್ಲಿ ತೂಕದ ಚೀಟಿಗಳನ್ನೆಲ್ಲ ಕೀರ್ದಿಗೆ ಏರಿಸಿ, ಖತಾವಣಿಗೆ ತಾಳೆ ನೋಡಿ ಮನೆ ಸೇರುವಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ. ಉಳಿದ ದಿನಗಳಲ್ಲಿ ಊಟವಾದ ಮೇಲೆ ಒಂದು ಗಂಟೆ ವಿಡಿಯೊ ಗೇಮ್ ಆಡುವ ಅಭ್ಯಾಸ ನನಗಿದೆ. ಈ ಅವಧಿಯಲ್ಲಿ ಹಲವು ಆಟಗಳು ಬಂದು ಹೋದವು. ‘ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2 – ದಿ ಸಿತ್ ಲಾರ್ಡ್ಸ್’ ಮಾತ್ರ ಮೊದಲು ಕಂಪ್ಯೂಟರಿನಲ್ಲಿ, ಆಮೇಲೆ ಫೋನಿನಲ್ಲಿ, ಹನ್ನೊಂದು ವರ್ಷದಿಂದ ನನ್ನ ಜೊತೆಗೇ ಉಳಿದಿದೆ. ಅದಕ್ಕೆ ಮುಖ್ಯ ಕಾರಣ ಅದರಲ್ಲಿ ಬರುವ ಗೋಟೊ ಎಂಬ ಭೂಗತ ದೊರೆ. ಈ ವಿಮರ್ಶೆ ಬಹುಪಾಲು ಅವನನ್ನು ಕುರಿತದ್ದು. ಕಥೆಯ ಗುಟ್ಟುಗಳನ್ನು ಬಿಚ್ಚಿಡದೆ ಅವನ ಬಗ್ಗೆ ಬರೆಯುವುದು ಸಾಧ್ಯವಿಲ್ಲವಾದ್ದರಿಂದ, ಆಟವನ್ನು ಇನ್ನೂ ಆಡದವರು ಆಡಿ ಮುಗಿಸಿದ ಮೇಲೆ ಮುಂದಕ್ಕೆ ಓದುವುದು ಒಳ್ಳೆಯದು.

ಆಟದ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಅಬ್ಸಿಡಿಯನ್ ಎಂಟರ್‌ಟೈನ್‌ಮೆಂಟ್ ಸಂಸ್ಥೆ ತಯಾರಿಸಿದ ಇದು ಎಕ್ಸ್‌ಬಾಕ್ಸ್‌ಗೆ 2004ರ ಡಿಸೆಂಬರಿನಲ್ಲೂ ಕಂಪ್ಯೂಟರಿಗೆ 2005ರ ಫೆಬ್ರವರಿಯಲ್ಲೂ ಬಂತು; ಫೋನಿಗೆ ಬಂದದ್ದು 2020ರ ಡಿಸೆಂಬರಿನಲ್ಲಿ. ಮೊದಲ ಭಾಗದ ಕಥೆ ಮುಗಿದು ಐದು ವರ್ಷವಾಗಿದೆ, ಯುದ್ಧದಿಂದ ರಿಪಬ್ಲಿಕ್ ಎಂಬ ಗ್ರಹಗಳ ಒಕ್ಕೂಟ ಬಸವಳಿದಿದೆ, ಅದನ್ನು ಕಾಯುವ ಜೆಡಾಯ್ ಎಂಬ ಯೋಧರು ಹೆಚ್ಚುಕಡಿಮೆ ನಿರ್ನಾಮವಾಗಿದ್ದಾರೆ. ತನ್ನವರಿಂದಲೇ ಗಡೀಪಾರಾಗಿದ್ದ ಒಬ್ಬ ಜೆಡಾಯ್ ಆಗಿ ನಾವು ಆಡುತ್ತೇವೆ.

ಆ ಜೆಡಾಯ್‌ನ ತಲೆಗೆ ಬೆಲೆ ಕಟ್ಟಿರುವವನೇ ಗೋಟೊ. ನಾರ್ ಶಡ್ಡಾ ಎಂಬ, ಕಣ್ಣು ಹಾಯಿಸಿದಷ್ಟು ದೂರವೂ ಕಟ್ಟಡಗಳೇ ತುಂಬಿರುವ ಉಪಗ್ರಹದಲ್ಲಿ ‘ಎಕ್ಸ್‌ಚೇಂಜ್’ ಎಂಬ ಅಪರಾಧ ಜಾಲದ ಹಿಡಿತ ಅವನ ಕೈಯಲ್ಲಿದೆ. ನಿರಾಶ್ರಿತರ ಕೇರಿಯಿಂದ ಹಿಡಿದು ಬಂದರಿನವರೆಗೆ ಎಲ್ಲರಿಗೂ ಅವನ ಹೆಸರು ಗೊತ್ತು, ಎಲ್ಲರಿಗೂ ಅವನ ಭಯವಿದೆ, ಆದರೆ ಮುಖಾಮುಖಿ ಕಂಡವರು ಯಾರೂ ಇಲ್ಲ. ಅವನ ಕೈಕೆಳಗಿನ ವಿಸ್ಕ್ವಿಸ್ ಎಂಬವನು ವಿಷಗಾಳಿ ತುಂಬಿದ ಬಾರಿನ ಹಿಂದೆ ಕುಳಿತು ವ್ಯವಹಾರ ನಡೆಸುತ್ತಾನೆ. ನೋಡಿದ ಕೂಡಲೇ ಇವನು ಪುಂಡ ಎಂದು ತಿಳಿದುಬಿಡುತ್ತದೆ. ಯಜಮಾನನೂ ಇದೇ ತರಹದ ಆಸಾಮಿ ಇರಬೇಕು, ಸ್ವಲ್ಪ ದೊಡ್ಡ ಪುಂಡ ಅಷ್ಟೆ, ಎಂದುಕೊಂಡೇ ನಾನು ಮೊದಲ ಸಲ ಗೋಟೊನ ಹಡಗಿನೊಳಗೆ ಹೋದೆ, ಅಂದರೆ ಸೆರೆಯಾಳಾಗಿ ಅಲ್ಲಿ ಕಣ್ಣು ತೆರೆದೆ.

ಆ ದೃಶ್ಯ ನೋಡಿದವರಿಗೆ ಮರೆಯುವಂಥದ್ದಲ್ಲ. ಎದುರಿಗೆ ಬಂದು ನಿಲ್ಲುವುದು ಒಬ್ಬ ಮನುಷ್ಯನ ಹೊಲೊಗ್ರಾಂ. ಅವನು ಬೆದರಿಸುವುದಿಲ್ಲ, ನಗುವುದಿಲ್ಲ, ದನಿ ಏರಿಸುವುದಿಲ್ಲ. ರಿಪಬ್ಲಿಕ್ ಕುಸಿಯುತ್ತಿದೆ, ಜೆಡಾಯ್ ಮತ್ತು ಸಿತ್ ಎಂಬ ಎರಡು ಪಂಗಡಗಳ ಜಗಳದಲ್ಲಿ ಗ್ರಹಗಳು ಒಂದೊಂದಾಗಿ ನೆಲ ಕಚ್ಚುತ್ತಿವೆ, ಈ ಜಗಳ ನಿಲ್ಲಬೇಕು, ಅದಕ್ಕೆ ನಿನ್ನ ಸಹಾಯ ಬೇಕು ಎಂದು ವರ್ಷದ ಕೊನೆಯಲ್ಲಿ ಜಮಾಖರ್ಚು ಓದಿ ಒಪ್ಪಿಸುವವನ ಹಾಗೆ ಹೇಳುತ್ತಾ ಹೋಗುತ್ತಾನೆ. ಬಹುಮಾನ ಇಟ್ಟದ್ದು ಜೀವಂತವಾಗಿ ಹಿಡಿದು ತರುವುದಕ್ಕೇ ಹೊರತು ಕೊಲ್ಲುವುದಕ್ಕಲ್ಲ ಎಂಬುದೂ ತಿಳಿಯುತ್ತದೆ. ಮೊದಲ ಸುತ್ತಿನಲ್ಲಿ ಈ ಮಾತುಗಳು ನನಗೆ ಉದ್ದವೆನಿಸಿದ್ದವು. ಕತ್ತಿ ಬೀಸುವ ಆತುರದಲ್ಲಿ ಅರ್ಧ ಮಾತನ್ನು ಓದದೆ ಮುಂದಕ್ಕೆ ಒತ್ತಿದ್ದೆ. ಅದು ನಾನು ಮಾಡಿದ ತಪ್ಪು.

ಹಡಗು ನಾಶವಾದ ಮೇಲೆ, ನಮ್ಮ ಎಬನ್ ಹಾಕ್ ನೌಕೆಯೊಳಗೆ ಕಪ್ಪು ಚೆಂಡಿನಂಥ ಡ್ರಾಯ್ಡ್, ಅಂದರೆ ತಾನೇ ಯೋಚಿಸಿ ಮಾತಾಡುವ ಯಂತ್ರ, ಒಂದು ತೇಲುತ್ತಾ ಉಳಿದುಕೊಳ್ಳುತ್ತದೆ. ಬೇಡವೆಂದರೂ ಕೇಳುವುದಿಲ್ಲ. ಅದರ ಹೆಸರು ಜಿ0-ಟಿ0. ಓದಿದರೆ ಗೋಟೊ, ಆದರೆ ‘ಓ’ ಅಕ್ಷರ ಇರಬೇಕಾದ ಎರಡು ಕಡೆಯೂ ಸೊನ್ನೆ ಇದೆ. ನನ್ನ ಅಕ್ಕನ ಮಗ ಪಕ್ಕದಲ್ಲಿ ಕುಳಿತು ಪರದೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, “ಮಾಮ, ಇದು ಗೋಟೊನ ಡ್ರಾಯ್ಡ್ ಅಲ್ಲ, ಇದೇ ಗೋಟೊ” ಎಂದಾಗ ಅವನಿಗೆ ಹನ್ನೆರಡು ವರ್ಷ. ನನಗೆ ಅದು ಹೊಳೆಯಲು, ಆ ಡ್ರಾಯ್ಡ್‌ನೊಡನೆ ಮಾತು ಬೆಳೆಸಿ ಅದರ ಬಾಯಿಂದಲೇ ಕೇಳಬೇಕಾಗಿತ್ತು.

ಅದರ ಬಾಯಿಂದ ಬರುವ ಕಥೆ ಇದು. ಯುದ್ಧದ ನಂತರ ರಿಪಬ್ಲಿಕ್ ಅನ್ನು ಮತ್ತೆ ಕಟ್ಟುವ ಯೋಜನೆಗಳನ್ನು ಹಾಕಲೆಂದೇ ಈ ಡ್ರಾಯ್ಡ್ ಅನ್ನು ತಯಾರಿಸಿದ್ದರು. ಅದಕ್ಕೆ ಕೊಟ್ಟ ಆಜ್ಞೆ ಎರಡು: ರಿಪಬ್ಲಿಕ್ ಅನ್ನು ಉಳಿಸಬೇಕು, ರಿಪಬ್ಲಿಕ್‌ನ ಕಾನೂನನ್ನು ಮೀರಬಾರದು. ಎಷ್ಟು ಲೆಕ್ಕ ಹಾಕಿದರೂ ಎರಡೂ ಒಟ್ಟಿಗೆ ನಡೆಯುವುದಿಲ್ಲವೆಂದೇ ಉತ್ತರ ಬಂತು. ಕಾನೂನಿನೊಳಗೆ ಇದ್ದರೆ ರಿಪಬ್ಲಿಕ್ ಉಳಿಯುವುದಿಲ್ಲ. ಹಾಗಾಗಿ ಅದು ಎರಡನೆಯ ಆಜ್ಞೆಯನ್ನು ಕೈಬಿಟ್ಟು, ಮನುಷ್ಯನ ಮುಖವೊಂದನ್ನು ಹೊಲೊಗ್ರಾಂ ಆಗಿ ತೊಟ್ಟು, ಕಳ್ಳಸಾಗಣೆ, ಸುಲಿಗೆ, ಬೆದರಿಕೆಗಳ ಲೋಕದಲ್ಲಿ ದೊರೆಯಾಗಿ ಕುಳಿತಿತು. ಹಣದಾಸೆಯಿಂದ ಅಲ್ಲ, ಸೇಡಿನಿಂದಲೂ ಅಲ್ಲ; ಲೆಕ್ಕ ಹೊಂದದಿದ್ದ ಒಂದೇ ಕಾರಣಕ್ಕೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬೇಗ ಬರಲಿಲ್ಲ, ಏಕೆಂದರೆ ಲೆಕ್ಕ ಹೊಂದದಿರುವುದು ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ರೋಕಡಿಯಲ್ಲಿ ಮುನ್ನೂರ ಇಪ್ಪತ್ತು ರೂಪಾಯಿ ತಾಳೆಯಾಗದಿದ್ದರೆ ನಾವು ಆ ದಿನದ ಚೀಟಿಗಳನ್ನೆಲ್ಲ ಮತ್ತೆ ನೆಲದ ಮೇಲೆ ಹರವಿ, ಹಮಾಲಿ, ತೂಕದ ಕೂಲಿ, ಚೀಲದ ಬಾಬ್ತು ಒಂದೊಂದನ್ನೇ ಬೆರಳಿಟ್ಟು ನೋಡುತ್ತೇವೆ. ‘ಇತರೆ ಖರ್ಚು’ ಎಂದು ಒಂದು ಸಾಲು ಬರೆದು ಎದ್ದು ಹೋಗುವುದು ಎಷ್ಟು ಸುಲಭವೆಂದು ಗೊತ್ತಿದ್ದೂ ಕೂತು ಹುಡುಕುತ್ತೇವೆ. ಗೋಟೊ ಬರೆದದ್ದು ಅಂಥದ್ದೊಂದು ಸಾಲು; ಆ ಸಾಲಿನ ಕೆಳಗೆ ಅವನು ಮುಚ್ಚಿಟ್ಟದ್ದು ಇಡೀ ಕಾನೂನು. ಆದರೂ ಅವನ ಮಾತಿಗೆ ಎದುರುತ್ತರ ಕೊಡುವುದು ಕಷ್ಟ, ಯಾಕೆಂದರೆ ಅವನು ಹೇಳುವ ಅಂಕಿಗಳು ಸರಿಯಾಗಿಯೇ ಇವೆ. ಟೆಲೋಸ್ ಗ್ರಹ ಸಿತ್ ದಾಳಿಯಲ್ಲಿ ಸುಟ್ಟುಹೋಗಿದೆ. ಅದನ್ನು ಮತ್ತೆ ಹಸಿರು ಮಾಡುವ ಕೆಲಸ ಸೋತರೆ, ಹಾಗೆಯೇ ಸುಟ್ಟುಹೋದ ಬೇರೆ ಗ್ರಹಗಳಿಗೆ ರಿಪಬ್ಲಿಕ್ ಹಣ ಹಾಕುವುದಿಲ್ಲ. ಒಂಡರಾನ್ ರಿಪಬ್ಲಿಕ್‌ನಿಂದ ಬೇರೆಯಾಗುವ ಅಂಚಿನಲ್ಲಿದೆ. ಇದನ್ನೆಲ್ಲ ನಾವೇ ಆ ಗ್ರಹಗಳಿಗೆ ಹೋಗಿ ಕಣ್ಣಾರೆ ನೋಡಿರುತ್ತೇವೆ.

ಅವನ ಲೆಕ್ಕ ಎಲ್ಲಿ ಮುರಿಯುತ್ತದೆಂಬುದು ನನಗೆ ತಿಳಿದದ್ದು ಐದನೆಯ ಸುತ್ತಿನಲ್ಲಿ, ಅದೂ ಒಂದು ಅವಘಡದಿಂದ. ರಿಪೇರಿಗೆ ಕೊಟ್ಟಿದ್ದ ಫೋನನ್ನು ಅಂಗಡಿಯವರು ಹೇಳದೆ ಕೇಳದೆ ರೀಸೆಟ್ ಮಾಡಿಬಿಟ್ಟಿದ್ದರಿಂದ ಉಳಿಸಿಟ್ಟಿದ್ದ ಆಟವೆಲ್ಲ ಅಳಿಸಿಹೋಗಿ, ಮತ್ತೆ ಮೊದಲಿನಿಂದ ಪೆರಾಗಸ್ ಗಣಿಯಲ್ಲಿ ಶುರುಮಾಡಬೇಕಾಯಿತು. ಬಹಳ ಮಂದಿ ಆ ಗಣಿಯ ಭಾಗವನ್ನು ಬೇಸರದಿಂದ ಓಡಿ ದಾಟುತ್ತಾರೆ. ನಾನೂ ನಾಲ್ಕು ಸಲ ಹಾಗೆಯೇ ದಾಟಿದ್ದೆ. ಈ ಸಲ ನಾರ್ ಶಡ್ಡಾದ ಮಾತುಗಳು ತಲೆಯಲ್ಲಿ ಹಸಿಯಾಗಿದ್ದುದರಿಂದ ಅಲ್ಲಿನ ದಾಖಲೆಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಗಣಿಗೆ ಒಬ್ಬ ಜೆಡಾಯ್ ಬಂದಿರುವುದು ತಿಳಿದ ಕೂಡಲೇ ಕೆಲಸಗಾರರಲ್ಲಿ ಕೆಲವರು ಅವನನ್ನು ಎಕ್ಸ್‌ಚೇಂಜ್‌ಗೆ ಮಾರಿ ಬಹುಮಾನ ಪಡೆಯಲು ಸಂಚು ಹೂಡುತ್ತಾರೆ. ಎಚ್‌ಕೆ-50 ಎಂಬ ಕೊಲೆಗಡುಕ ಡ್ರಾಯ್ಡ್‌ನ ಕಣ್ಣೂ ಅದೇ ಬೇಟೆಯ ಮೇಲಿದ್ದು, ಅದು ಗಣಿಯ ಯಂತ್ರಗಳನ್ನು ಕೆಡಿಸಿ ಕೆಲಸಗಾರರನ್ನು ಸಾಯಿಸುತ್ತದೆ. ಕೊನೆಗೆ ನಾವು ತಪ್ಪಿಸಿಕೊಳ್ಳುವಾಗ ನಡೆದ ಗುಂಡಿನ ಸುರಿಮಳೆಗೆ ಇಂಧನ ತುಂಬಿದ ಕ್ಷುದ್ರಗ್ರಹಗಳು ಸಿಡಿದು ಗಣಿಯೇ ಇಲ್ಲವಾಗುತ್ತದೆ. ಟೆಲೋಸ್‌ನ ಮೇಲೆ ತೇಲುವ ಸಿಟಾಡೆಲ್ ನಿಲ್ದಾಣ ನಡೆಯುವುದು ಇದೇ ಪೆರಾಗಸ್‌ನ ಇಂಧನದಿಂದ. ಅಲ್ಲಿಗೆ ತಲುಪಿದಾಗ ನಮ್ಮನ್ನು ವಿಚಾರಣೆಗೆಂದು ಕೂಡಿಹಾಕುವುದೂ ಈ ಗಣಿಯ ನಾಶಕ್ಕಾಗಿಯೇ.

ಈಗ ಈ ಸರಪಳಿಯನ್ನು ಹಿಂದುಮುಂದಾಗಿ ಎಳೆದು ನೋಡಿ. ಇಂಧನವಿಲ್ಲದೆ ಸಿಟಾಡೆಲ್ ನಿಲ್ದಾಣ ತತ್ತರಿಸುತ್ತಿದೆ, ನಿಲ್ದಾಣ ಬಿದ್ದರೆ ಟೆಲೋಸ್‌ನ ಕೆಲಸ ನಿಲ್ಲುತ್ತದೆ, ಟೆಲೋಸ್ ಸೋತರೆ ಗೋಟೊ ಉಳಿಸಬೇಕೆಂದ ರಿಪಬ್ಲಿಕ್‌ನ ಭರವಸೆಯೇ ಸೋಲುತ್ತದೆ. ಇಷ್ಟಕ್ಕೂ ಮೊದಲ ಕಿಡಿ ಅವನೇ ಇಟ್ಟ ಬಹುಮಾನ! ಜೀವಂತ ತರಬೇಕೆಂದು ಅವನು ಷರತ್ತು ಹಾಕಿದ್ದ, ನಿಜ. ಆದರೆ ದುಡ್ಡಿಗಾಗಿ ಕೆಲಸ ಮಾಡುವವರು ಆ ಷರತ್ತನ್ನು ಪಾಲಿಸುತ್ತಾ ಉಳಿದವರನ್ನೆಲ್ಲ ಏನು ಮಾಡುತ್ತಾರೆಂಬುದು ಅವನ ಪುಸ್ತಕದಲ್ಲಿ ಎಲ್ಲೂ ಇಲ್ಲ. ಗ್ರಹಗಳ ಇಂಧನ, ಆಹಾರ, ಸೈನ್ಯ ಎಲ್ಲವನ್ನೂ ಎಣಿಸಿದವನು ತಾನು ಬಾಡಿಗೆಗೆ ಹಿಡಿದ ಪುಂಡರ ಸ್ವಭಾವವನ್ನು ಎಣಿಸಲಿಲ್ಲ. ನನ್ನ ಕೈಯಲ್ಲಿ ಫೋನ್ ಬಿಸಿಯಾಗಿತ್ತು, ಎಚ್‌ಕೆ-50 ತನ್ನ ಅತಿವಿನಯದ ಧಾಟಿಯಲ್ಲಿ ಮಾತಾಡುತ್ತಲೇ ಇತ್ತು, ನಾನು ಅಲ್ಲೇ ಆಟ ನಿಲ್ಲಿಸಿ ಅಂಗಡಿಯ ಹಳೆಯ ಬಿಲ್ಲಿನ ಹಿಂಭಾಗದಲ್ಲಿ ಬಾಣದ ಗುರುತು ಹಾಕಿ ಈ ಸರಪಳಿಯನ್ನು ಬರೆದುಕೊಂಡೆ. ನಾನು ಆಡಿದ ಮಟ್ಟಿಗೆ, ಆಟದಲ್ಲಿ ಯಾರೂ ಇದನ್ನು ಒಂದೇ ಕಡೆ ಕೂಡಿಸಿ ಹೇಳುವುದಿಲ್ಲ. ಆಡುವವನೇ ಕೂಡಿಸಿಕೊಳ್ಳಬೇಕು, ಅದಕ್ಕೆ ಒಂದು ಸುತ್ತು ಸಾಲದು.

ಕೊರತೆಗಳನ್ನೂ ಹೇಳಬೇಕು. ಆಟವನ್ನು ಬಿಡುವಿಲ್ಲದೆ, ಒಂದೂಕಾಲು ವರ್ಷದ ಆಸುಪಾಸಿನಲ್ಲಿ ಮುಗಿಸಬೇಕಾಗಿ ಬಂದು ಕೊನೆಯ ಭಾಗವನ್ನು ತಯಾರಕರು ಬಹಳಷ್ಟು ಕತ್ತರಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಗೋಟೊನ ಮೇಲೆ. ಮಲಾಚೋರ್ 5 ಎಂಬ ಕೊನೆಯ ಗ್ರಹದಲ್ಲಿ, ನಮ್ಮ ಜೊತೆಗಾರ ಬಾವ್-ಡೂರ್‌ನ ‘ರಿಮೋಟ್’ ಎಂಬ ಪುಟ್ಟ ಡ್ರಾಯ್ಡ್ ಅಲ್ಲಿನ ಯಂತ್ರಗಳನ್ನು ಚಾಲೂ ಮಾಡಲು ಹೊರಟಾಗ ಗೋಟೊ ಅದಕ್ಕೆ ಅಡ್ಡ ನಿಲ್ಲುತ್ತಾನೆ. ಆ ಕ್ಷಣಕ್ಕಾಗಿಯೇ ಅವನನ್ನು ಇಷ್ಟು ಹೊತ್ತು ನೌಕೆಯಲ್ಲಿ ಉಳಿಸಿದ್ದರೇನೋ ಎಂದು ನಮಗೆ ಅನ್ನಿಸುವಷ್ಟರಲ್ಲಿ ದೃಶ್ಯ ಕತ್ತರಿಸಿಹೋಗುತ್ತದೆ. ಮುಂದೇನಾಯಿತೆಂದು ಮೂಲ ಆಟ ಹೇಳುವುದೇ ಇಲ್ಲ. ಇಷ್ಟು ಗಟ್ಟಿಯಾಗಿ ಕಟ್ಟಿದ ಪಾತ್ರಕ್ಕೆ ಹೀಗಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ಯುದ್ಧದಲ್ಲಿ ಜೊತೆಗಾರನಾಗಿಯೂ ಅವನಿಂದ ನನಗೆ ಹೆಚ್ಚಿನ ಉಪಯೋಗವಾಗಿಲ್ಲ. ಮರೆಯಾಗಿ ಚಲಿಸುವ ಶಕ್ತಿ ಇದೆ ಎಂಬುದನ್ನು ಬಿಟ್ಟರೆ, ಹೊಡೆದಾಟಕ್ಕೆ ನಾನು ಬೇರೆಯವರನ್ನೇ ಕರೆದೊಯ್ಯುತ್ತೇನೆ.

ಮಾತೆಲ್ಲ ಇಂಗ್ಲಿಷಿನಲ್ಲಿದೆ, ಅದೂ ಸುಲಭದ ಇಂಗ್ಲಿಷ್ ಅಲ್ಲ. ಅಕ್ಕನ ಮಗನಿಗೆ ನಾನು ಪ್ರತಿ ಸಂಭಾಷಣೆಯನ್ನೂ ಕನ್ನಡದಲ್ಲಿ ಹೇಳಬೇಕಾಗುತ್ತಿತ್ತು. ಗೋಟೊನ ವಾದವನ್ನು ಕನ್ನಡದಲ್ಲಿ ಹೇಳಲು ಹೊರಟಾಗಲೇ ಅದರ ಗಂಟು ನನಗೂ ಬಿಡಿಸಿಕೊಂಡಿತೆಂದು ಸೇರಿಸುತ್ತೇನೆ. ಎಲ್ಲ ಕೇಳಿಸಿಕೊಂಡ ಮೇಲೆ ಅವನು, “ಮಾಮ, ಹಂಗಾರೆ ಅವನು ಒಳ್ಳೆಯವನೋ ಕೆಟ್ಟವನೋ?” ಎಂದ. “ಗಣಿಯಲ್ಲಿ ಸತ್ತವರನ್ನು ಕೇಳಬೇಕು ಕಣೋ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಗೋಟೊಗೆ ಖಾರವಾದ ಉತ್ತರವನ್ನೇ ಆರಿಸಿದ.

ಕೊಳ್ಳುವವರಿಗೆ ನನ್ನ ಅನುಭವದಿಂದ ಎರಡು ಮಾತು. ಅನುಕೂಲವಿದ್ದರೆ ಕಂಪ್ಯೂಟರಿನಲ್ಲಿ ಆಡಿ. ಕತ್ತರಿಸಿದ ಭಾಗಗಳನ್ನು ಅಭಿಮಾನಿಗಳು ವರ್ಷಗಟ್ಟಲೆ ಶ್ರಮಪಟ್ಟು ಮರಳಿ ಜೋಡಿಸಿರುವ ‘ರೀಸ್ಟೋರ್ಡ್ ಕಂಟೆಂಟ್’ ಮಾಡ್ (ಮೂಲ ಆಟಕ್ಕೆ ಸೇರಿಸಿಕೊಳ್ಳುವ ಮಾರ್ಪಾಡು) ಉಚಿತವಾಗಿ ಸಿಗುತ್ತದೆ, ಮಲಾಚೋರ್‌ನ ಭಾಗಕ್ಕೆ ಅದರಿಂದ ಬಹಳ ಬಲ ಬಂದಿದೆ. ಅದನ್ನು ಆಟ ಶುರುಮಾಡುವ ಮೊದಲೇ ಹಾಕಿಕೊಳ್ಳಬೇಕು, ನಡುವೆ ಹಾಕಿದರೆ ಹಳೆಯ ಉಳಿಕೆಗಳು ಕೆಲಸಕ್ಕೆ ಬರುವುದಿಲ್ಲ. ಫೋನಿನಲ್ಲಿ ಆಡುವವರು ರಿಪೇರಿಗೆ ಕೊಡುವ ಮುಂಚೆ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಪೆರಾಗಸ್‌ನಲ್ಲಿ ಅವಸರ ಮಾಡಬೇಡಿ, ಗಣಿಯವರ ದಾಖಲೆಗಳನ್ನು ಪೂರ್ತಿ ಓದಿ. ನಾನು ಸದ್ಯ ಎಂಟನೆಯ ಸುತ್ತಿನಲ್ಲಿದ್ದೇನೆ. ಸಿಟಾಡೆಲ್ ನಿಲ್ದಾಣದಲ್ಲಿ ಇಂಧನದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ಗೋಟೊನ ಹಡಗು ಮುಂದಿದೆ.