ಲಿಟಲ್ ಲೀಗ್ ಅಂಪೈರಿಂಗ್: ಎಲ್ಲಿ ಹೇಳಿಕೊಡಬೇಕು, ಎಲ್ಲಿ ಸುಮ್ಮನಿರಬೇಕು

ಅಮೆರಿಕದಲ್ಲಿ ಮಕ್ಕಳು ಆಡುವ ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂಪೈರ್ ಕೆಲಸ ಬಹುತೇಕ ಸ್ವಯಂಸೇವಕರದು. ವಿಲಿಯಮ್ಸ್‌ಪೋರ್ಟ್‌ನ ವರ್ಲ್ಡ್ ಸೀರೀಸ್‌ನಲ್ಲೂ ಅಷ್ಟೇ. ಪುಕ್ಕಟೆ ಸೇವೆ ಅಂತ ಅಳೆಯದೆ ಬಿಡುವ ಹಾಗಿಲ್ಲ. ಮಗುವನ್ನು ಸೇರಿಸಿದವರು ನೋಡಬೇಕಾದ್ದು ಅಂಪೈರ್ ಯಾವಾಗ ಬಾಯಿ ತೆರೆಯುತ್ತಾರೆ ಅನ್ನುವುದನ್ನು.

ಸುರಕ್ಷತೆಯ ಮಾತಿಗೆ ಮುಹೂರ್ತ ಬೇಡ. 12 ವರ್ಷದವರೆಗಿನ ವಿಭಾಗಗಳಲ್ಲಿ ಆನ್-ಡೆಕ್ ಬ್ಯಾಟರ್‌ಗೆ, ಅಂದರೆ ಮುಂದಿನ ಸರದಿಗಾಗಿ ಹೊರಗೆ ಬ್ಯಾಟ್ ಹಿಡಿದು ಕಾಯುವವನಿಗೆ, ಅವಕಾಶವಿಲ್ಲ. ತಂಡ ಕೂರುವ ಡಗೌಟ್‌ನಲ್ಲಿ ಹುಡುಗ ಬ್ಯಾಟ್ ಬೀಸುತ್ತಿದ್ದರೆ ಅಲ್ಲೇ ತಡೆಯಬೇಕು. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಮಾಸ್ಕ್‌ಗೆ ಗಂಟಲಿನ ರಕ್ಷಕ ಜೋತಾಡುತ್ತಿಲ್ಲದಿದ್ದರೆ ಒಂದು ಪಿಚ್ (ಬ್ಯಾಟರ್‌ಗೆ ಹಾಕುವ ಎಸೆತ) ಕೂಡ ಎಸೆಯಬಿಡಬಾರದು. ಇದರಲ್ಲಿ ಸಂಕೋಚಪಡುವವರು ಒಳ್ಳೆಯ ಅಂಪೈರ್ ಅಲ್ಲ.

ಹೇಳಿಕೊಡಲು ಸರಿಯಾದ ಹೊತ್ತು ಇನ್ನಿಂಗ್ಸ್‌ಗಳ ನಡುವಿನದು. ಚೆಂಡು ಎಸೆಯುವ ಪಿಚರ್‌ಗೆ ಎಂಟು ವಾರ್ಮ್-ಅಪ್ ಎಸೆತ ಅಥವಾ ಒಂದು ನಿಮಿಷ ಸಿಗುತ್ತದೆ, ಅಷ್ಟು ಸಾಕು. ಪಿಚರ್ ಕಾಲು ತಾಗಿಸಿ ಎಸೆಯಬೇಕಾದ ರಬ್ಬರ್ ಪಟ್ಟಿಯ ಮುಂದೆ ಕಾಲಿನಿಂದ ಕೆರೆದು ಕೆರೆದು ಗುಂಡಿ ಬಿದ್ದಿರುತ್ತದೆ. ಒಂಬತ್ತು ವರ್ಷದ ಹುಡುಗ ಆ ಗುಂಡಿಯಲ್ಲೇ ಕಾಲಿಟ್ಟು ಎಸೆದರೆ ಪಾದ ರಬ್ಬರ್ ಬಿಟ್ಟು ಮುಂದೆ ಬರುತ್ತದೆ, ಅದು ಇಲ್ಲೀಗಲ್ ಪಿಚ್, ನಿಯಮಬಾಹಿರ ಎಸೆತ. ಜಾಣ ಅಂಪೈರ್ ಮೊದಲು ಗುಂಡಿಗೆ ಮಣ್ಣು ತುಂಬಿಸುತ್ತಾರೆ, ಆಮೇಲೆ ಕೋಚ್ ಎದುರಿಗೇ "ಕಾಲು ರಬ್ಬರ್‌ಗೆ ತಾಗಿರಲಿ ಮಗಾ" ಅಂತ ಒಮ್ಮೆ ಹೇಳುತ್ತಾರೆ. ಮತ್ತೆ ಆದರೆ 'ಬಾಲ್' ಎಂದು, ಅಂದರೆ ಬ್ಯಾಟರ್ ಲೆಕ್ಕಕ್ಕೆ ಸೇರುವ ತಪ್ಪು ಎಸೆತ ಎಂದು, ತೀರ್ಪು ಕೊಡಬೇಕು. ಪ್ರತಿ ಎಸೆತಕ್ಕೂ ಬುದ್ಧಿ ಹೇಳಿದರೆ ಹುಡುಗ ಕೈಯನ್ನೇ ಬಿಗಿಹಿಡಿದುಬಿಡುತ್ತಾನೆ.

ಚೆಂಡು ಆಟದಲ್ಲಿರುವಾಗ ತೀರ್ಪು ಮಾತ್ರ, ಆದರೆ ಗಟ್ಟಿಯಾಗಿ. ಮೇಜರ್ಸ್‌ನಲ್ಲಿ (12 ವರ್ಷದವರೆಗಿನ ಮಕ್ಕಳ ಮೇಲಿನ ವಿಭಾಗ) ಬ್ಯಾಟರ್ ಔಟ್ ಆಗಬೇಕಾದ ಮೂರನೇ ಸ್ಟ್ರೈಕ್‌ನ ಚೆಂಡು ಕ್ಯಾಚರ್ ಕೈಜಾರಿದರೆ ಅವನು ಫಸ್ಟ್ ಬೇಸ್‌ಗೆ ಓಡಬಹುದು. ಆದರೆ ಆಗ ಫಸ್ಟ್ ಬೇಸ್‌ನಲ್ಲಿ ರನ್ನರ್ ಇದ್ದು ಎರಡು ಔಟ್ ಆಗಿರದಿದ್ದರೆ, "ಬ್ಯಾಟರ್ ಔಟ್" ಎಂದು ಕೂಗಲೇಬೇಕು. ಇಲ್ಲದಿದ್ದರೆ ಕ್ಯಾಚರ್ ಗಾಬರಿಯಲ್ಲಿ ಫಸ್ಟ್‌ಗೆ ಎಸೆದು ರನ್ನರ್‌ಗಳಿಗೆ ಬೇಸ್ ದಾನ ಮಾಡುತ್ತಾನೆ. ಬ್ಯಾಟರ್‌ಗೆ ಓಡುವ ಹಕ್ಕಿದ್ದಾಗ "ನೋ ಕ್ಯಾಚ್" ಅಂದರೆ ತೀರ್ಪು, "ಓಡೋ!" ಅಂದರೆ ಕೋಚಿಂಗ್. ಈ ಗೆರೆ ದಾಟುವವರು ಬಹಳ ಮಂದಿ, ಒಳ್ಳೆಯ ಮನಸ್ಸಿನಿಂದಲೇ ದಾಟುತ್ತಾರೆ. ಎದುರು ತಂಡದ ಮಕ್ಕಳಿಗೆ ಅದು ಅನ್ಯಾಯವೇ.

ಪೂರ್ತಿ ಮೌನ ಬೇಕಾದ ಜಾಗ ಅಪೀಲ್. ರನ್ನರ್ ಬೇಸ್ ಮುಟ್ಟದೆ ಹೋದ, ಬ್ಯಾಟಿಂಗ್ ಸರದಿ ತಪ್ಪಿತು ಅಂತ ಗೊತ್ತಾದರೂ ಮುಖದಲ್ಲಿ ತೋರಿಸಬಾರದು. ಸರದಿ ತಪ್ಪಿಸಿ ಬಂದವನ ಬ್ಯಾಟಿಂಗ್ ಮುಗಿದ ಮೇಲೆ, ಮುಂದಿನ ಪಿಚ್‌ಗೆ ಮೊದಲು ಎದುರಾಳಿ ಕೇಳಿದರೆ, ಸರಿಯಾಗಿ ಬರಬೇಕಿದ್ದವನು ಔಟ್. ಕೇಳದಿದ್ದರೆ ಮುಗಿಯಿತು. ಸ್ಕೋರ್‌ಬುಕ್ ನೋಡಿಕೊಳ್ಳುವುದು ತಂಡದ ಕೆಲಸ.

ಒಟ್ಟಿನಲ್ಲಿ ಮೇಜರ್ಸ್‌ಗಿಂತ ಕೆಳಗಿನ ಮೈನರ್ಸ್ ಮಟ್ಟದಲ್ಲಿ ಈ ಸೇವೆಯನ್ನು ಧೈರ್ಯವಾಗಿ ನಂಬಬಹುದು. ಮೇಜರ್ಸ್‌ನಲ್ಲಿ ಮಾತು ಇನ್ನೂ ಕಡಿಮೆಯಾಗಬೇಕು. ಆಟಕ್ಕೆ ಮುಂಚೆ ಅಂಪೈರ್ ಮತ್ತು ಕೋಚ್‌ಗಳು ಸೇರುವ ಪ್ಲೇಟ್ ಮೀಟಿಂಗ್‌ನಲ್ಲೇ ಕೋಚ್‌ಗಳು ಅಂಪೈರ್‌ನ ಕೇಳಿಕೊಳ್ಳಲಿ: ಇಲ್ಲೀಗಲ್ ಪಿಚ್‌ಗೆ ಎಚ್ಚರಿಕೆ ಎಷ್ಟು ಸಲ, ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರಿದರೆ ಔಟ್ ಅನ್ನೋದು ಮಕ್ಕಳಿಗೆ ತಿಳಿಸಿ ಆಗಿದೆಯಾ ಅಂತ.